ಟಾರ್ಚಿನ ಬೆಳಕು ಹಗಲಲ್ಲ

ಸೂರ್ಯೋದಯ ನೋಡಲೆಂದು ಸರಿರಾತ್ರಿಯಲ್ಲಿ ಬೆಟ್ಟ ಹತ್ತುವುದು ಬೆಂಗಳೂರಿನ ಸುತ್ತಮುತ್ತ ಈಗ ವಾರಾಂತ್ಯದ ವಾಡಿಕೆಯಾಗಿದೆ. ಚಿಕ್ಕಬಳ್ಳಾಪುರದ ಸ್ಕಂದಗಿರಿ, ಕೋಲಾರದ ಅಂತರಗಂಗೆ, ಮಾಗಡಿ ಕಡೆಯ ಸಾವನದುರ್ಗ, ರಾಮನಗರದ ಬಂಡೆಬೆಟ್ಟಗಳು ಈ ವಾಡಿಕೆಗೆ ಹೆಸರಾದ ತಾಣಗಳು. ರಾತ್ರಿ ಪ್ರವೇಶಕ್ಕೆ ಅರಣ್ಯ ಇಲಾಖೆ ಅಲ್ಲಲ್ಲಿ ಕಡಿವಾಣ ಹಾಕಿದ್ದರೂ ‘ನೈಟ್ ಟ್ರೆಕ್’ ಎಂಬ ಹೆಸರಿನ ಸೆಳೆತ ಕುಗ್ಗಿಲ್ಲ. ಈ ಸೆಳೆತದ ಬೆನ್ನಿಗೆ ಒಂದು ನಂಬಿಕೆಯಿದೆ. ದಾರಿ ಹಗಲಿನಲ್ಲಿದ್ದದ್ದೇ, ಕಾಲುಗಳೂ ಅವೇ. ಒಳ್ಳೆಯ ಹೆಡ್‌ಲ್ಯಾಂಪ್ ಒಂದು, ಜೊತೆಗೆ ನಾಲ್ಕು ಜನ ಇದ್ದರೆ ರಾತ್ರಿಯ ನಡಿಗೆ ಹಗಲಿನಷ್ಟೇ ಕ್ಷೇಮ, ಬಿಸಿಲಿಲ್ಲದ್ದರಿಂದ ಇನ್ನಷ್ಟು ಸಲೀಸು ಎಂಬುದು ಆ ನಂಬಿಕೆ. ಮೊದಲ ಸಲ ಬೆಟ್ಟ ಹತ್ತುವವರಿಗೂ ಇಂಥ ಚಾರಣವನ್ನೇ ಶಿಫಾರಸು ಮಾಡುವ ಮಟ್ಟಕ್ಕೆ ಅದು ಬೇರೂರಿದೆ. ಕಣ್ಣಿನ ರಚನೆ, ದೀಪದ ಗುಣ, ಬಂಡೆಯ ಆಕಾರ, ಕಾಡುಪ್ರಾಣಿಗಳ ದಿನಚರಿ, ನಿದ್ದೆಗೆಟ್ಟ ದೇಹ, ಇವುಗಳಲ್ಲಿ ಯಾವುದರ ಎದುರಿಗಿಟ್ಟು ನೋಡಿದರೂ ಈ ನಂಬಿಕೆ ನಿಲ್ಲುವುದಿಲ್ಲ.

ಮನುಷ್ಯನ ಅಕ್ಷಿಪಟದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಎರಡು ಬಗೆ. ಸುಮಾರು 60 ಲಕ್ಷದಷ್ಟಿರುವ ಶಂಕುಕೋಶಗಳು ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಹಿಡಿಯುತ್ತವೆ. ಅವಕ್ಕೆ ಧಾರಾಳ ಬೆಳಕು ಬೇಕು. 9ರಿಂದ 12 ಕೋಟಿಯಷ್ಟಿರುವ ದಂಡಕೋಶಗಳು ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತವೆ. ಆದರೆ ಅವು ಬಣ್ಣ ತಿಳಿಸಲಾರವು, ಅಂಚುಗಳನ್ನು ಚೂಪಾಗಿ ತೋರಿಸಲಾರವು. ದಂಡಕೋಶಗಳ ನೋಟದ ಸ್ಪಷ್ಟತೆ ಹಗಲಿನ ನೋಟದ ಹತ್ತನೇ ಒಂದು ಭಾಗದ ಆಸುಪಾಸಿನದು. ಇನ್ನೊಂದು ಕೊರತೆಯೂ ಇದೆ. ನೇರವಾಗಿ ದಿಟ್ಟಿಸಿದ ವಸ್ತುವಿನ ಬಿಂಬ ಬೀಳುವುದು ಅಕ್ಷಿಪಟದ ನಡುವಿನ ಪುಟ್ಟ ಕುಳಿಯ ಮೇಲೆ. ಆ ಕುಳಿಯಲ್ಲಿ ದಂಡಕೋಶಗಳೇ ಇಲ್ಲ. ಹಾಗಾಗಿ ಕಗ್ಗತ್ತಲಲ್ಲಿ ದಿಟ್ಟಿಸಿ ನೋಡಿದ ಸಣ್ಣ ವಸ್ತು ಕಾಣೆಯಾಗುತ್ತದೆ, ದೃಷ್ಟಿಯನ್ನು ತುಸು ಓರೆಮಾಡಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಹಗಲಲ್ಲಿ ನಡೆಯುವವರು ಮುಂದಿನ ಕಲ್ಲಿನ ಎತ್ತರ, ಅದರ ಮೇಲಿನ ತೇವ, ಅದು ಅಲುಗೀತೇ ಎಂಬ ಅಂದಾಜು, ಎಲ್ಲವನ್ನೂ ಯೋಚನೆಯಿಲ್ಲದೆ ಲೆಕ್ಕಹಾಕುತ್ತಾರೆ. ಕತ್ತಲಲ್ಲಿ ಈ ಲೆಕ್ಕಕ್ಕೆ ಬೇಕಾದ ಮಾಹಿತಿಯೇ ಕಣ್ಣಿಗೆ ತಲುಪುವುದಿಲ್ಲ.

ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುತ್ತದೆ ಎಂಬ ಮಾತು ನಿಜ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಪೂರ್ತಿಯಾಗಿ ತುಂಬಿಕೊಳ್ಳಲು 30ರಿಂದ 40 ನಿಮಿಷ ಬೇಕು. ಅಷ್ಟು ಹೊತ್ತು ಕಾದು ಗಳಿಸಿದ್ದು ಎದುರಿನವರ ಬಿಳಿ ಎಲ್‌ಇಡಿ ದೀಪ ಕೆಲವು ಸೆಕೆಂಡು ಕಣ್ಣಿಗೆ ಹೊಡೆದರೆ ಹೋಗುತ್ತದೆ. ಇಪ್ಪತ್ತು ಜನರ ಗುಂಪಿನಲ್ಲಿ ಇಪ್ಪತ್ತು ಹಣೆಗಳಲ್ಲೂ ದೀಪ ಇರುತ್ತದೆ. ಮಾತಾಡಲು ತಿರುಗಿದವರ ದೀಪವೂ ಅವರ ಜೊತೆಗೇ ತಿರುಗುತ್ತದೆ. ನಡುನಡುವೆ ಫೋಟೋ, ಮೊಬೈಲ್ ಪರದೆ. ಇಂಥ ಸಾಲಿನಲ್ಲಿ ನಡೆಯುವವರ ಕಣ್ಣು ಬೆಳಕಿಗೂ ಹೊಂದಿಕೊಂಡಿರುವುದಿಲ್ಲ, ಕತ್ತಲಿಗೂ ಇಲ್ಲ. ‘ಸ್ವಲ್ಪ ಹೊತ್ತಿಗೆ ಕಣ್ಣು ಅಭ್ಯಾಸವಾಗುತ್ತದೆ’ ಎಂಬ ಸಮಾಧಾನದ ಮಾತು ಒಂಟಿಯಾಗಿ, ದೀಪ ಆರಿಸಿ ಕುಳಿತವರಿಗೆ ಸಲ್ಲುತ್ತದೆ. ಗುಂಪಿನ ಚಾರಣಕ್ಕೆ ಸಲ್ಲುವುದಿಲ್ಲ.

ದೀಪವೇ ಎಲ್ಲ ಕೊರತೆಯನ್ನೂ ತುಂಬುತ್ತದೆ ಎನ್ನುವವರು ದೀಪದ ಪೊಟ್ಟಣದ ಮೇಲಿನ ಅಂಕಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಅಂಕಿಯ ಅರ್ಥವೇನೆಂಬುದನ್ನು ಬಿಡಿಸಿ ನೋಡಬೇಕು. 2009ರಲ್ಲಿ ಬಂದ ಅಮೆರಿಕದ ಎಫ್‌ಎಲ್-1 ಮಾನದಂಡವನ್ನು ಇಂದು ಹೆಚ್ಚಿನ ಟಾರ್ಚ್ ತಯಾರಕರು ಅನುಸರಿಸುತ್ತಾರೆ. ಅದರ ಪ್ರಕಾರ ‘100 ಮೀಟರ್’ ಎಂದರೆ ಅಷ್ಟು ದೂರದಲ್ಲಿ ಬೆಳಕು 0.25 ಲಕ್ಸ್‌ಗೆ ಇಳಿಯುತ್ತದೆ ಎಂದರ್ಥ. 0.25 ಲಕ್ಸ್ ಎಂದರೆ ತಿಳಿಯಾಕಾಶದ ಹುಣ್ಣಿಮೆಯ ಬೆಳಕು. ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂದರೆ ಪೊಟ್ಟಣ ಹೇಳಿಕೊಳ್ಳುವ ದೂರದಲ್ಲಿ ಇರುವ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲೊಂದು ಪಾಲು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬ ಭೌತವಿಜ್ಞಾನದ ನಿಯಮವನ್ನು ಹಿಂದುಮುಂದಾಗಿ ಅನ್ವಯಿಸಿದರೆ, ಇದೇ ದೀಪ ಹತ್ತು ಮೀಟರಿನಲ್ಲಿ ಕೊಡುವುದು 25 ಲಕ್ಸ್. ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರುತ್ತದೆ. ಹತ್ತು ಹೆಜ್ಜೆಯಾಚೆಯ ಬಂಡೆಯನ್ನು ಓದಲು ಸಾಲದ ಬೆಳಕಿನಲ್ಲಿ ಓದುವ ಸ್ಥಿತಿ ಇದು. ಬ್ಯಾಟರಿಯ ಬಾಳಿಕೆಯ ಅಂಕಿಯೂ ಹೀಗೆಯೇ. ದೀಪದ ಬೆಳಕು ಆರಂಭದ ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕದ ಹೊತ್ತನ್ನು ಆ ಮಾನದಂಡ ಬಾಳಿಕೆ ಎಂದು ಎಣಿಸುತ್ತದೆ. ಆ ಕೊನೆಯ ಗಳಿಗೆಯಲ್ಲಿ 100 ಮೀಟರಿನ ದೀಪ 32 ಮೀಟರಿನದಾಗಿರುತ್ತದೆ. ಮೊಬೈಲಿನ ಟಾರ್ಚನ್ನೇ ನೆಚ್ಚಿಕೊಂಡವರ ಪಾಡು ಇನ್ನೂ ಕಷ್ಟ. ನಕ್ಷೆಗೂ ತುರ್ತುಕರೆಗೂ ಬೇಕಾದ ಬ್ಯಾಟರಿಯನ್ನೇ ಅವರು ದಾರಿಯುದ್ದಕ್ಕೂ ಉರಿಸುತ್ತಿರುತ್ತಾರೆ.

ದೀಪ ಎಲ್ಲಿದೆ ಎಂಬುದೂ ಮುಖ್ಯ. ನೆಲದ ಉಬ್ಬುತಗ್ಗು ಕಣ್ಣಿಗೆ ತಿಳಿಯುವುದು ಬಹುಮಟ್ಟಿಗೆ ನೆರಳಿನಿಂದ. ಹಣೆಯ ಮೇಲಿನ ದೀಪ ಕಣ್ಣಿನ ನೇರದಲ್ಲೇ ಇರುವುದರಿಂದ ಪ್ರತಿಯೊಂದು ಕಲ್ಲಿನ ನೆರಳೂ ಆ ಕಲ್ಲಿನ ಹಿಂದೆಯೇ ಅಡಗುತ್ತದೆ. ನೆಲ ಚಪ್ಪಟೆಯಾಗಿ, ಬಿಳಿಚಿಕೊಂಡು ಕಾಣುತ್ತದೆ. ಒಂದು ಗೇಣು ಆಳದ ಗುಂಡಿಯೂ ಸಮನೆಲದಂತೆ ತೋರುತ್ತದೆ. ದೀಪವನ್ನು ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿದರೆ ನೆರಳು ಉದ್ದವಾಗಿ ಬಿದ್ದು ಗುಂಡಿ ಬಯಲಾಗುತ್ತದೆ, ಆದರೆ ಬಂಡೆ ಹತ್ತುವಲ್ಲಿ ಒಂದು ಕೈ ಕಟ್ಟಿಹಾಕಿದಂತಾಗುತ್ತದೆ. ಮಂಜು ಕವಿದರೆ ಯಾವ ದೀಪವೂ ಉಪಯೋಗಕ್ಕಿಲ್ಲ. ಹಣೆಯ ದೀಪದ ಬೆಳಕು ಮಂಜಿನ ಹನಿಗಳಿಗೆ ತಾಗಿ ಕಣ್ಣಿಗೇ ಮರಳುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ, ದೀಪ ಪ್ರಖರವಾದಷ್ಟೂ ಗೋಡೆ ದಟ್ಟವಾಗುತ್ತದೆ. ಸ್ಕಂದಗಿರಿಯ ಖ್ಯಾತಿಯೇ ಚಳಿಗಾಲದ ಮೋಡದ ಕಡಲಿನದು ಎಂಬುದನ್ನು ಇಲ್ಲಿ ನೆನೆಯಬೇಕು. ಜನ ಯಾವ ಮಂಜನ್ನು ಮೇಲಿನಿಂದ ನೋಡಲು ಹೋಗುತ್ತಾರೋ ಅದರೊಳಗಿನಿಂದಲೇ ಅವರು ಕತ್ತಲಲ್ಲಿ ಹಾದುಹೋಗಬೇಕಾಗುತ್ತದೆ.

ಇಷ್ಟೆಲ್ಲ ಕೊರತೆಯ ನಡುವೆಯೂ ಮುಂದಿನ ಎರಡು ಮೂರು ಹೆಜ್ಜೆಗಳನ್ನು ದೀಪ ತೋರಿಸುತ್ತದೆ ಎಂದು ಒಪ್ಪಿಕೊಳ್ಳೋಣ. ಆದರೆ ಬೆಟ್ಟದಲ್ಲಿ ಕ್ಷೇಮ ನಿಂತಿರುವುದು ಮುಂದಿನ ಹೆಜ್ಜೆಯ ಮೇಲಷ್ಟೇ ಅಲ್ಲ, ದೂರದ ನೋಟದ ಮೇಲೆ. ಹಗಲಿನ ಚಾರಣಿಗರಿಗೆ ಶಿಖರ ಕಾಣುತ್ತದೆ, ಕೆಳಗಿನ ಕೆರೆ, ಊರು, ರಸ್ತೆ ಕಾಣುತ್ತವೆ. ದಾರಿ ತಪ್ಪಿದರೂ ಎಷ್ಟು ತಪ್ಪಿತೆಂದು ತಿಳಿಯುತ್ತದೆ. ರಾತ್ರಿ ದೀಪದ ವೃತ್ತದಾಚೆಗೆ ಲೋಕವೇ ಇಲ್ಲ. ಕುರಿಮೇಕೆಗಳು ತುಳಿದು ಮಾಡಿದ ದಾರಿಯೂ ನಿಜವಾದ ಕಾಲುದಾರಿಯೂ ಆ ವೃತ್ತದೊಳಗೆ ಒಂದೇ ತೆರನಾಗಿ ಕಾಣುತ್ತವೆ. ಕವಲು ದಾಟಿದ್ದು ಗೊತ್ತಾಗುವುದು ಅರ್ಧ ತಾಸಿನ ನಂತರ, ಪೊದೆ ಅಡ್ಡಬಂದಾಗ.

ಹಳೆಯ ಮೈಸೂರು ಸೀಮೆಯ ಬಂಡೆಬೆಟ್ಟಗಳಲ್ಲಿ ಈ ತಪ್ಪು ಎಷ್ಟು ದುಬಾರಿ ಎಂಬುದನ್ನು ಬಂಡೆಯ ಆಕಾರವೇ ವಿವರಿಸುತ್ತದೆ. ಸಾವನದುರ್ಗ, ಮಧುಗಿರಿ ಮೊದಲಾದವು ಏಕಶಿಲೆಯ ಬೋಳುಗುಡ್ಡಗಳು. ಕೋಟ್ಯಂತರ ವರ್ಷಗಳಲ್ಲಿ ಹೊರಪದರಗಳು ಕಳಚುತ್ತ ಬಂದು ಇವು ಗುಮ್ಮಟದ ಆಕಾರ ಪಡೆದಿವೆ. ಗುಮ್ಮಟದ ನೆತ್ತಿ ಹೆಚ್ಚುಕಡಿಮೆ ಸಮತಟ್ಟು, ಕೆಳಗಿಳಿದಂತೆ ಇಳಿಜಾರು ಕಡಿದಾಗುತ್ತ ಹೋಗುತ್ತದೆ, ಕೊನೆಗೆ ನೇರ ಗೋಡೆಯಾಗುತ್ತದೆ. ದಾರಿ ಬಿಟ್ಟು ಇಳಿಯುವವರಿಗೆ ಎಲ್ಲೂ ‘ಇಲ್ಲಿಂದ ಅಪಾಯ’ ಎಂಬ ಗೆರೆ ಸಿಗುವುದಿಲ್ಲ. ಹತ್ತು ಹೆಜ್ಜೆಗೆ ಇಳಿಜಾರು ಒಂದಿಷ್ಟು ಹೆಚ್ಚುತ್ತದೆ, ಮತ್ತೆ ಹತ್ತು ಹೆಜ್ಜೆಗೆ ಇನ್ನೊಂದಿಷ್ಟು. ಪಾದ ಹಿಡಿತ ಕಳೆದುಕೊಳ್ಳುತ್ತಿದೆ ಎನಿಸುವ ಹೊತ್ತಿಗೆ ತಿರುಗಿ ಹತ್ತುವುದು ಇಳಿಯುವುದಕ್ಕಿಂತ ಕಷ್ಟವಾಗಿರುತ್ತದೆ. ಹಗಲಲ್ಲಿ ಕೆಳಗಿನ ಬಂಡೆಯ ಅಂಚು ಮುಗಿದು ಅದರಾಚೆ ಬಯಲಿನ ಹೊಲಗಳು ಕಾಣುತ್ತಿದ್ದಂತೆ, ನಡುವೆ ನೆಲವಿಲ್ಲವೆಂದು ಯಾರಿಗಾದರೂ ತಿಳಿದುಬಿಡುತ್ತದೆ. ಅದೇ ಅಂಚಿನ ಬಳಿ ರಾತ್ರಿಯ ದೀಪ ತೋರಿಸುವುದು ಇನ್ನೂ ಮೂರು ಮೀಟರ್ ನಡೆಯಬಹುದಾದ ಬಂಡೆಯನ್ನು. ದಾರಿ ತೋರಲು ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳು ಒಂದರಿಂದ ಇನ್ನೊಂದು ಕಾಣುವಂತೆ ಹಾಕಿದವು, ಆದರೆ ಹಾಗೆ ಕಾಣುವುದು ಹಗಲಿನಲ್ಲಿ. ನಸುಕಿನ ಹೊತ್ತಿಗೆ ಇಬ್ಬನಿಯೂ ಸೇರಿಕೊಳ್ಳುತ್ತದೆ. ಬಂಡೆಗೆ ಅಂಟಿದ ಕಲ್ಲುಹೂವು ಒಣಗಿದಾಗ ಒರಟಾಗಿ ಹಿಡಿತ ಕೊಡುತ್ತದೆ, ನೆನೆದರೆ ಜಾರುತ್ತದೆ. ಎಂಟು ಗಂಟೆಯ ಎಳೆಬಿಸಿಲಿಗೆ ಆರಿಹೋಗುವ ಈ ತೇವದ ಮೇಲೆಯೇ ರಾತ್ರಿಯ ಚಾರಣಿಗರು ಹೆಜ್ಜೆ ಇಡುತ್ತಾರೆ.

ಕಾಡುಪ್ರಾಣಿಗಳ ವಿಷಯದಲ್ಲಿ ಪ್ರಚಲಿತ ಮಾತು, ಗದ್ದಲ ಕೇಳಿ ಅವು ದೂರ ಹೋಗುತ್ತವೆ ಎಂಬುದು. ಕರಡಿಯ ಮಟ್ಟಿಗೆ ಇದನ್ನು ನೆಚ್ಚುವಂತಿಲ್ಲ. ತುಮಕೂರು, ರಾಮನಗರ, ಬಳ್ಳಾರಿ ಕಡೆಯ ಕಲ್ಲುಗುಡ್ಡಗಳು ಕರಡಿಗಳ ನೆಲೆ. ದರೋಜಿಯಲ್ಲಿ ಅವಕ್ಕೆಂದೇ ಒಂದು ಧಾಮವಿದೆ. ಹಗಲಿನ ಬಿಸಿಯನ್ನು ಗವಿಗಳಲ್ಲಿ ಕಳೆದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅವು ಮೇಯುತ್ತವೆ. ಕರಡಿಯ ದೃಷ್ಟಿ ಮಂದ. ಹುತ್ತ ಕೆದಕಿ ಗೆದ್ದಲು ಹೀರುವಾಗ ತನ್ನ ಸದ್ದೇ ಅದರ ಕಿವಿ ತುಂಬಿರುತ್ತದೆ. ಕೆಲವೇ ಮೀಟರುಗಳಲ್ಲಿ ಮನುಷ್ಯ ಎದುರಾದಾಗ ಅದು ಓಡುವ ಬದಲು ಮೈಮೇಲೆ ಎರಗುತ್ತದೆ. ಕರಡಿ ದಾಳಿ ಬಹುಪಾಲು ಹೀಗೆ ಬೆಚ್ಚಿಬಿದ್ದಾಗಿನದು, ಮತ್ತು ಕತ್ತಲು ಎರಡೂ ಕಡೆಯವರನ್ನು ಬೆಚ್ಚಿಬೀಳಿಸುತ್ತದೆ. ಆನೆಯ ಮಾತೂ ಅಷ್ಟೇ. 2023ರ ಗಣತಿಯಂತೆ ಕರ್ನಾಟಕದ ಕಾಡುಗಳಲ್ಲಿರುವ ಆನೆಗಳು 6,395, ದೇಶದಲ್ಲೇ ಹೆಚ್ಚು. ಬನ್ನೇರುಘಟ್ಟದಿಂದ ರಾಮನಗರದ ಕಡೆಗೆ ಅವು ಸರಿದಾಡುವುದು, ಹೊಲಕ್ಕಿಳಿದು ಕಾಡಿಗೆ ಮರಳುವುದು ರಾತ್ರಿಯಲ್ಲೇ. ಅಷ್ಟು ದೊಡ್ಡ ಪ್ರಾಣಿ ಪೊದೆಯ ಮರೆಯಲ್ಲಿ ಸದ್ದಿಲ್ಲದೆ ನಿಂತಿದ್ದರೆ ಹೆಡ್‌ಲ್ಯಾಂಪಿನ ಬೆಳಕಿಗೆ ಅದು ಇನ್ನೊಂದು ಬಂಡೆಯಾಗಿಯೇ ಕಾಣುತ್ತದೆ.

ಬೆಳಕಿದ್ದ ಮಾತ್ರಕ್ಕೆ ಕಾಡಿನ ರಾತ್ರಿ ಹಗಲಾಗುವುದಿಲ್ಲ ಎಂಬುದಕ್ಕೆ ತಿರುಮಲದ ಅಲಿಪಿರಿ ಮೆಟ್ಟಿಲುದಾರಿಗಿಂತ ನೋವಿನ ಸಾಕ್ಷ್ಯ ಬೇರೆ ಬೇಕಿಲ್ಲ. ಕರ್ನಾಟಕದಿಂದ ಹೋಗುವ ಭಕ್ತರೂ ಅಪಾರ ಸಂಖ್ಯೆಯಲ್ಲಿ ನಡೆಯುವ ಆ ದಾರಿಯಲ್ಲಿ ದೀಪಗಳಿವೆ, ಅಂಗಡಿಗಳಿವೆ, ಜನರ ಓಡಾಟವಿದೆ. 2023ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಅಲ್ಲಿಂದಲೇ ಚಿರತೆ ಆರು ವರ್ಷದ ಹೆಣ್ಣುಮಗುವನ್ನು ಹೊತ್ತೊಯ್ದು ಕೊಂದಿತು. ಅದರ ಬೆನ್ನಲ್ಲೇ ದೇವಸ್ಥಾನದ ಆಡಳಿತ 15 ವರ್ಷದೊಳಗಿನ ಮಕ್ಕಳಿಗೆ ಮಧ್ಯಾಹ್ನ 2 ಗಂಟೆಯ ನಂತರ ಆ ದಾರಿಯಲ್ಲಿ ಪ್ರವೇಶ ನಿರ್ಬಂಧಿಸಿತು. ಇನ್ನಷ್ಟು ದೀಪ ಹಾಕಿದರೆ ಸಾಕೆಂದು ಆಡಳಿತ ಸುಮ್ಮನಾಗಲಿಲ್ಲ. ನಡೆಯುವ ಹೊತ್ತನ್ನೇ ಬದಲಿಸಿತು. ಆ ತೀರ್ಮಾನದ ಹಿಂದಿನ ವಿವೇಕ ಬೆಟ್ಟದ ಚಾರಣಗಳಿಗೂ ಬೇಕು.

ಹಾವುಗಳಲ್ಲಿ ಕಟ್ಟುಹಾವು ರಾತ್ರಿ ಸಂಚಾರಿ. ಕೊಳಕುಮಂಡಲವೂ ಹೆಚ್ಚಾಗಿ ಕತ್ತಲಾದ ಮೇಲೆಯೇ ಹೊರಡುತ್ತದೆ, ಮನುಷ್ಯನ ಸುಳಿವು ಸಿಕ್ಕರೂ ಸರಿದುಹೋಗದೆ ತರಗೆಲೆಯ ಮೇಲೆ ಸುರುಳಿ ಸುತ್ತಿಕೊಂಡಿರುವುದು ಅದರ ಸ್ವಭಾವ. ಕಟ್ಟುಹಾವಿನ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ. ಮುಳ್ಳು ಚುಚ್ಚಿತೆಂದು ನಡೆದವರಿಗೆ ರೆಪ್ಪೆ ಜೋಲತೊಡಗಿದಾಗ ಗೊತ್ತಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಈ ಸಾವುಗಳಲ್ಲಿ ಹೆಚ್ಚಿನವು ಹೊಲಗದ್ದೆ, ಹಳ್ಳಿಮನೆಗಳಲ್ಲಿ ಆದವು, ಚಾರಣದಲ್ಲಿ ಅಲ್ಲ. ಆದರೆ ಮದ್ದು ಒಂದೇ: ಕಡಿಸಿಕೊಂಡವರನ್ನು ಓಡಾಡಿಸದೆ, ತಡಮಾಡದೆ ಆಸ್ಪತ್ರೆಗೆ ತಲುಪಿಸಿ ಪ್ರತಿವಿಷ ಕೊಡಿಸುವುದು. ಬೆಟ್ಟದ ನೆತ್ತಿಯಿಂದ ಒಬ್ಬರನ್ನು ಹೊತ್ತಿಳಿಸುವುದು ಹಗಲಲ್ಲೇ ಪ್ರಯಾಸದ ಕೆಲಸ.

ಕೆಡುಕಾದರೆ ನೆರವು ಬರುತ್ತದೆ ಎಂಬ ಭರವಸೆಯೂ ಹಗಲನ್ನೇ ಆಧರಿಸಿದೆ. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಯಿಂದ ಸುಮಾರು 300 ಅಡಿ ಜಾರಿ ಚಾಚುಬಂಡೆಯೊಂದರ ಮೇಲೆ ಸಿಕ್ಕಿಕೊಂಡ 19 ವರ್ಷದ ವಿದ್ಯಾರ್ಥಿಯನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿ ಕಾಪಾಡಿತು. ಹಗಲಲ್ಲೂ ಜಾರುತ್ತಾರೆ ಎಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಬಹುದು, ಅದು ಸರಿಯೇ. ಆದರೆ ಸ್ಥಳೀಯ ಪೊಲೀಸರು ಜಾಗ ಗುರುತಿಸಿ ತೋರಿಸಿದ್ದು, ಬಂಡೆಗೋಡೆಯ ಪಕ್ಕದಲ್ಲಿ ಹೆಲಿಕಾಪ್ಟರ್ ನಿಂತಲ್ಲೇ ನಿಂತದ್ದು ಬೆಳಕಿದ್ದಾಗ. ರಾತ್ರಿ ಎರಡಕ್ಕೆ ಬಿದ್ದವರಿಗಾದರೆ ಬೆಳಗಾಗುವ ತನಕ ಗಾಯದೊಡನೆ ಕಾಯುವುದೇ ಗತಿ.

ಗುಂಪಿನಲ್ಲಿದ್ದರೆ ಭಯವಿಲ್ಲ ಎನ್ನುವವರು ಭಯವನ್ನೂ ಅಪಾಯವನ್ನೂ ಒಂದೇ ಎಂದು ಭಾವಿಸುತ್ತಾರೆ. ಗುಂಪು ಭಯವನ್ನು ಖಂಡಿತ ಕಡಿಮೆ ಮಾಡುತ್ತದೆ, ಅದರಿಂದಲೇ ಎಚ್ಚರವೂ ಕಡಿಮೆಯಾಗುತ್ತದೆ. ಕತ್ತಲಲ್ಲಿ ಸಾಲಿನ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ; ಉಸಿರು ಹತ್ತಿ ಕೂತವರು, ಬಹಿರ್ದೆಸೆಗೆ ಸರಿದವರು ಸಾಲಿನಿಂದ ತಪ್ಪಿದ್ದು ತಲೆ ಎಣಿಸಿದಾಗಲೇ ತಿಳಿಯುವುದು. ಎಲ್ಲರೂ ಮುಂದಿನವರ ಹಿಮ್ಮಡಿ ನೋಡಿಕೊಂಡು ನಡೆಯುವುದರಿಂದ ದಾರಿಯನ್ನು ನಿಜವಾಗಿ ಗಮನಿಸುತ್ತಿರುವುದು ಮುಂದಾಳು ಒಬ್ಬರೇ. ಅವರು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ. ಗುಂಪು ಮಿತಿಮೀರಿದರೆ ಏನಾಗುತ್ತದೆಂಬುದನ್ನು 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತ ತೋರಿಸಿತು. ಗಣರಾಜ್ಯೋತ್ಸವದ ರಜೆಗೆ ಅಲ್ಲಿ ನೆರೆದ ಜನಜಂಗುಳಿಯನ್ನು ಕಂಡ ಸರ್ಕಾರ, ಆನ್‌ಲೈನ್ ಬುಕ್ಕಿಂಗ್ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹಗಲಲ್ಲೇ ಅಂಕೆಗೆ ಸಿಗದ ಸಾಲನ್ನು ಕತ್ತಲಲ್ಲಿ ಯಾವ ಗೈಡೂ ಸಂಭಾಳಿಸಲಾರರು.

ನಿದ್ದೆಯ ಲೆಕ್ಕವನ್ನು ಈ ಹವ್ಯಾಸದ ಪರ ವಾದಿಸುವವರು ಎಂದೂ ಎತ್ತುವುದಿಲ್ಲ. ದೇಹದ ಉಷ್ಣತೆಯೂ ಚುರುಕೂ ದಿನದಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯುವುದು ನಸುಕಿನ ನಾಲ್ಕು ಐದು ಗಂಟೆಯ ಸುಮಾರಿಗೆ, ಅಂದರೆ ಬಂಡೆಯ ಮೇಲೆ ಹೆಚ್ಚು ಎಚ್ಚರ ಬೇಕಾದ ಹೊತ್ತಿಗೆ. ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಶೇ. 0.10ರ ಮಟ್ಟಕ್ಕೆ. ಭಾರತದ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಶನಿವಾರ ಬೆಳಗ್ಗೆ ಏಳಕ್ಕೆ ಎದ್ದವರು ರಾತ್ರಿಯಿಡೀ ಪಯಣಿಸಿ, ಬೆಟ್ಟ ಹತ್ತಿ ಇಳಿದು, ಭಾನುವಾರ ಹತ್ತು ಗಂಟೆಗೆ ಬೈಕ್ ಹತ್ತಿ ಬೆಂಗಳೂರಿನ ಹೆದ್ದಾರಿ ಹಿಡಿದರೆ ಅವರು 27 ಗಂಟೆ ನಿದ್ದೆಗೆಟ್ಟಿರುತ್ತಾರೆ. ಕುಡಿದು ಓಡಿಸುವುದನ್ನು ಅಪರಾಧವೆಂದು ಮನಸಾರೆ ಒಪ್ಪುವ ಮಂದಿಯೇ ಇದನ್ನು ಸಾಹಸವೆಂದು ಹಂಚಿಕೊಳ್ಳುತ್ತಾರೆ.

ಹಿಮಾಲಯದ ಪರ್ವತಾರೋಹಿಗಳು ಮಧ್ಯರಾತ್ರಿಯಲ್ಲೇ ಹೊರಡುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹೊರಡುತ್ತಾರೆ, ಅದಕ್ಕೆ ಕಾರಣವಿದೆ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ, ಬಿಸಿಲೇರಿದಂತೆ ಮೆತ್ತಗಾಗುತ್ತದೆ. ಹೆಪ್ಪುಗಟ್ಟಿದ ನೀರು ಹಿಡಿದಿಟ್ಟ ಕಲ್ಲುಗಳು ಮಧ್ಯಾಹ್ನಕ್ಕೆ ಸಡಿಲಾಗಿ ಉರುಳುತ್ತವೆ. ಮೋಡ, ಬಿರುಗಾಳಿ ಕವಿಯುವುದೂ ಆಗಲೇ. ಶಿಖರ ಮುಟ್ಟಿ, ಆಯಾಸವಾದ ಕಾಲುಗಳಿಂದ ಇಳಿಯುವ ಕಠಿಣ ಭಾಗ ಬೆಳಕಿನಲ್ಲಿ ಮುಗಿಯಲೆಂಬ ಲೆಕ್ಕಾಚಾರದಿಂದ ಅವರು ಕತ್ತಲನ್ನು ಸಹಿಸುತ್ತಾರೆ. 1,450 ಮೀಟರಿನ ಆಸುಪಾಸಿನ ಸ್ಕಂದಗಿರಿಯಲ್ಲಿ ಕರಗುವ ಹಿಮವೂ ಇಲ್ಲ, ಹಿಮನದಿಯೂ ಇಲ್ಲ. ಹತ್ತಲು ಎರಡು ತಾಸು ಸಾಕಾದ ಬೆಟ್ಟಕ್ಕೆ ಎವರೆಸ್ಟಿನ ವೇಳಾಪಟ್ಟಿಯನ್ನು ಎರವಲು ತರಲು ಯಾವ ಆಧಾರವೂ ಇಲ್ಲ.

ಹಿರಿಯರು ರಾತ್ರಿಯೆಲ್ಲ ನಡೆಯುತ್ತಿರಲಿಲ್ಲವೇ ಎಂಬುದು ಇನ್ನೊಂದು ವಾದ. ನಡೆಯುತ್ತಿದ್ದರು, ಆದರೆ ಹುಟ್ಟಿದಾಗಿನಿಂದ ತುಳಿದ ದಾರಿಯಲ್ಲಿ. ಯಾವ ತಿರುವಿನಲ್ಲಿ ಬೇರು ಎದ್ದಿದೆ, ಎಲ್ಲಿ ಸಂಕದ ಹಲಗೆ ಅಲುಗುತ್ತದೆ ಎಂಬುದು ಅಂಗಾಲಿಗೇ ಗೊತ್ತಿರುತ್ತಿತ್ತು. ತೆಂಗಿನ ಒಣಗರಿಯ ಸೂಡಿಯನ್ನೋ ದೊಂದಿಯನ್ನೋ ಕೈಯಲ್ಲಿ ಹಿಡಿದು ಬೀಸುತ್ತಿದ್ದರು. ಅದರ ಬೆಳಕು ನೆಲಕ್ಕೆ ಹತ್ತಿರದಿಂದ, ಓರೆಯಾಗಿ ಬಿದ್ದು ನೆರಳನ್ನು ತೋರಿಸುತ್ತಿತ್ತು. ಕರಾವಳಿ, ಮಲೆನಾಡಿನಲ್ಲಿ ಯಕ್ಷಗಾನ ಬಯಲಾಟಕ್ಕೆ ಹೋದವರು ನಡುರಾತ್ರಿ ಕಾಡು ಹಾಯುವ ಗೋಜಿಗೂ ಹೋಗುತ್ತಿರಲಿಲ್ಲ. ಆಟ ಬೆಳಗಿನವರೆಗೆ ನಡೆಯುತ್ತಿತ್ತು, ಮನೆಗೆ ಮರಳುವ ಹೊತ್ತಿಗೆ ಹಗಲಾಗಿರುತ್ತಿತ್ತು. ಒಮ್ಮೆಯೂ ಕಾಣದ ಬೆಟ್ಟವನ್ನು ಅಪರಿಚಿತರ ಜೊತೆ ಕತ್ತಲಲ್ಲಿ ಹತ್ತುವುದಕ್ಕೆ ಹಿರಿಯರ ಹೆಸರು ಹೇಳುವುದು ಅವರ ಎಚ್ಚರಕ್ಕೆ ಮಾಡುವ ಅನ್ಯಾಯ.

ಹುಣ್ಣಿಮೆಯ ಬೆಳಕಿನ ನಡಿಗೆಗೆ ಈ ಖಂಡನೆ ಅಷ್ಟಾಗಿ ತಟ್ಟುವುದಿಲ್ಲ. ಬಯಲಿನ ಬಂಡಿದಾರಿಯಲ್ಲಿ, ಹಗಲಲ್ಲಿ ನೋಡಿಟ್ಟ ಮಾರ್ಗದಲ್ಲಿ, ದೀಪವಾರಿಸಿ ನಿಧಾನವಾಗಿ ನಡೆಯುವುದು ಸುಂದರ ಅನುಭವ. ಅದನ್ನು ಯಾರೂ ಕಸಿಯಬೇಕಿಲ್ಲ. ಆದರೆ ಆ ಬೆಳಕು ಮರದ ನೆತ್ತಿಯಡಿಗೆ ಇಳಿಯುವುದು ಅತ್ಯಲ್ಪ. ಹುಣ್ಣಿಮೆ ಕಳೆದಂತೆ ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ಹಿಂದೆ ಬೀಳುತ್ತದೆ. ವಾರಾಂತ್ಯದ ಚಾರಣಗಳು ಚಂದ್ರನ ತಿಥಿ ನೋಡಿ ಹೊರಡುವುದಿಲ್ಲ, ಕಚೇರಿಯ ರಜೆ ನೋಡಿ ಹೊರಡುತ್ತವೆ.

ಬಿಸಿಲಿನ ವಾದದಲ್ಲಿ ಹುರುಳಿದೆ, ಅದರಲ್ಲೂ ಮಾರ್ಚ್‌ನಿಂದ ಮೇ ತನಕ ಕಾದ ಬಂಡೆಯ ಮೇಲೆ ನಡುಹಗಲು ನಡೆಯುವುದು ಪ್ರಾಣಕ್ಕೇ ಎರವಾದೀತು. ಆದರೆ ಆ ಬಿಸಿಲು ತಪ್ಪಿಸಲು ಮಧ್ಯರಾತ್ರಿ ಬೇಕಿಲ್ಲ, ಬೆಳಗಿನ ಜಾವ ಸಾಕು. ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವುದರಿಂದ ನಸುಕಿನ ಅವಧಿ ಚಿಕ್ಕದು. ಸೂರ್ಯೋದಯಕ್ಕೆ ಸುಮಾರು 21 ನಿಮಿಷ ಮೊದಲೇ ದೀಪವಿಲ್ಲದೆ ದಾರಿ ಕಾಣುವಷ್ಟು ಬೆಳಕಾಗಿರುತ್ತದೆ. ಆಗ ಹೊರಟರೆ ಎಂಟಕ್ಕೆಲ್ಲ ನೆತ್ತಿ ಸೇರಿ, ಬಿಸಿಲು ಬಲಿಯುವ ಮೊದಲೇ ಬುಡಕ್ಕೆ ಮರಳಬಹುದು. ಶಿಖರದಿಂದ ಸೂರ್ಯೋದಯ ಕಾಣುವುದಿಲ್ಲ, ನಿಜ. ಪೂರ್ವಕ್ಕೆ ಮುಖಮಾಡಿದ ಇಳುಕಲಿನಲ್ಲಿ ನಡುದಾರಿಯಿಂದಲೇ ಅದು ಕಾಣುತ್ತದೆ, ಚಳಿಗಾಲದ ಮೋಡದ ಕಡಲು ಬಿಸಿಲೇರುವ ತನಕ ಕರಗುವುದೂ ಇಲ್ಲ. ನೆತ್ತಿಯಿಂದಲೇ ನೋಡಬೇಕೆನ್ನುವವರಿಗೆ ಪಕ್ಕದಲ್ಲೇ 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಡಾಂಬರು ರಸ್ತೆಯಿದೆ.

ಬಿಸಿಲಿನ ಕಾರಣಕ್ಕೇ ರಾತ್ರಿ ನಡೆಯುವ ದೊಡ್ಡ ಸಮುದಾಯ ಪಾದಯಾತ್ರಿಗಳದ್ದು. ಶಿವರಾತ್ರಿಗೆ ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ನಡೆಯುವವರಿಗೆ ಚಂದ್ರನ ನೆರವೂ ಇಲ್ಲ, ಏಕೆಂದರೆ ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ಚತುರ್ದಶಿಯಂದು. ಇಲ್ಲಿ ಅಪಾಯ ಬಂಡೆಯದಲ್ಲ, ವಾಹನದ್ದು. ದೂರದಿಂದ ವಾಹನದ ದೀಪ ತಮಗೆ ಕಾಣುತ್ತಿದೆ ಎಂದರೆ ಚಾಲಕರಿಗೂ ತಾವು ಕಾಣುತ್ತಿದ್ದೇವೆ ಎಂದು ನಡೆಯುವವರು ತಿಳಿಯುತ್ತಾರೆ. ಡಿಪ್ ಮಾಡಿದ ದೀಪದಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟವರು ಗೋಚರಿಸುವುದು 30 ಮೀಟರಿನ ಆಸುಪಾಸಿನಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಚಾಲಕರ ಕಾಲು ಬ್ರೇಕ್ ತಲುಪುವಷ್ಟರಲ್ಲಿ 25 ಮೀಟರ್ ಸಾಗಿರುತ್ತದೆ, ನಿಲ್ಲಲು ಇನ್ನೂ 20 ಮೀಟರ್ ಬೇಕು. ಪಾದಯಾತ್ರಿಗಳು ಬಲಬದಿಯಲ್ಲಿ, ಎದುರು ಬರುವ ವಾಹನಗಳಿಗೆ ಮುಖಮಾಡಿ, ಬೆಳಕಿಗೆ ಹೊಳೆಯುವ ಪಟ್ಟಿ ತೊಟ್ಟು ನಡೆಯಬೇಕಾದ್ದು ಈ ಲೆಕ್ಕದಿಂದ.

ಇಷ್ಟಾಗಿಯೂ ಕತ್ತಲಲ್ಲಿ ಸಿಕ್ಕಿಬೀಳುವವರು ಇದ್ದೇ ಇರುತ್ತಾರೆ, ಮತ್ತು ಅವರಲ್ಲಿ ಅನೇಕರು ತಡವಾಗಿ ಹೊರಟ ಹಗಲಿನ ಚಾರಣಿಗರು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಐದು ಕಿಲೋಮೀಟರಿಗೆ ಒಂದು ತಾಸು, 600 ಮೀಟರ್ ಏರಿಗೆ ಮತ್ತೊಂದು ತಾಸು. ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸುಮಾರು 13 ಕಿಲೋಮೀಟರ್ ದಾರಿ, ಏರು 1,500 ಮೀಟರಿಗೂ ಹೆಚ್ಚು. ಸೂತ್ರದಂತೆ ಏರಲು ಐದು ತಾಸಿಗೂ ಮೀರುತ್ತದೆ, ಅದೂ ಎಲ್ಲೂ ಕೂರದಿದ್ದರೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ, ಶಿಖರ ಸಿಗಲಿ ಬಿಡಲಿ ಮಧ್ಯಾಹ್ನ ಹನ್ನೆರಡಕ್ಕೆ ಹಿಂದಿರುಗುವ ಗಡುವನ್ನು ಹೊರಡುವ ಮುನ್ನವೇ ಹಾಕಿಕೊಳ್ಳಬೇಕು. ಟಾರ್ಚ್ ಪ್ರತಿಯೊಬ್ಬ ಹಗಲಿನ ಚಾರಣಿಗರ ಚೀಲದಲ್ಲೂ ಇರಬೇಕಾದ್ದು ಈ ಗಡುವು ಮೀರಿದ ದಿನಕ್ಕಾಗಿ. ಆ ದಿನವೂ ಪರಿಚಿತ, ಸ್ಪಷ್ಟ ದಾರಿಯಾದರೆ ಮಾತ್ರ ಅದರ ಬೆಳಕಿನಲ್ಲಿ ಇಳಿಯಬೇಕು. ದಾರಿ ತಪ್ಪಿದೆ ಎನಿಸಿದ ಕ್ಷಣವೇ, ಇಳಿಜಾರು ಕಡಿದಾಗತೊಡಗಿದ ಕ್ಷಣವೇ ನಿಲ್ಲಬೇಕು. ದಕ್ಷಿಣದ ಈ ಬೆಟ್ಟಗಳಲ್ಲಿ ಬೆಚ್ಚನೆಯ ಒಂದು ಅಂಗಿ, ಗಾಳಿ ತಡೆಯುವ ಹಾಳೆ, ಸ್ವಲ್ಪ ನೀರು ಇದ್ದರೆ ಗಟ್ಟಿಮುಟ್ಟಾದವರು ಒಂದು ರಾತ್ರಿಯನ್ನು ಕೂತೇ ಕಳೆಯಬಹುದು; ನಡೆಯುವ ಹಟದಿಂದ ಆಗುವಷ್ಟು ಕೇಡು ಚಳಿಯಿಂದ ಆಗುವುದು ಅಪರೂಪ. ನೆಟ್‌ವರ್ಕ್ ಇದ್ದರೆ 112ಕ್ಕೆ ಕರೆ ಮಾಡಿ ಇರುವ ಜಾಗ ತಿಳಿಸಿ, ಉಳಿದ ಬ್ಯಾಟರಿಯನ್ನು ಕಾಪಾಡಿಕೊಳ್ಳಬೇಕು. ಪರ್ವತಗಳಲ್ಲಿ ಎಲ್ಲರೂ ಒಪ್ಪಿದ ಸಂಕೇತದಂತೆ ನಿಮಿಷಕ್ಕೆ ಆರು ಸಲ ಸೀಟಿ ಊದಿ ಅಥವಾ ಟಾರ್ಚ್ ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಮಾಡಬೇಕು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಬೆಳಕು ಹರಿದ ಮೇಲೂ ಅಡ್ಡದಾರಿ ಹುಡುಕದೆ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ ದಾರಿ ತಪ್ಪಿದ ಕವಲನ್ನು ಸೇರಿ, ಅಲ್ಲಿಂದ ಇಳಿಯಬೇಕು.